ಮುಂಬಯಿಯ ಫ್ಲ್ಯಾಟಿಗೆ ಎಂಥ ರಗ್ಗು ಒಗ್ಗುತ್ತದೆ?

ಮುಲುಂಡ್ ಮನೆಯಾಕೆ

ಎಲ್ಲರಿಗೂ ನಮಸ್ಕಾರ. ಮುಲುಂಡ್‌ನಲ್ಲಿರುವ ನಮ್ಮ ಫ್ಲ್ಯಾಟಿನ ಹಾಲ್‌ಗೆ ಒಂದು ರಗ್ಗು ಕೊಳ್ಳಬೇಕೆಂದು ಬಹಳ ದಿನಗಳಿಂದ ಯೋಚಿಸುತ್ತಿದ್ದೇವೆ. ಹಾಲ್ 10 ಅಡಿ ಅಗಲ, 16 ಅಡಿ ಉದ್ದವಿದ್ದು, ನೆಲಕ್ಕೆ ನುಣುಪಾದ ವಿಟ್ರಿಫೈಡ್ ಟೈಲ್ಸ್ ಹಾಕಿಸಿದೆ. ಉದ್ದನೆಯ ಗೋಡೆಗೆ ಮೂವರು ಕೂರುವ ಸೋಫಾ, ಅದರೆದುರು ಟಿ.ವಿ., ಅಡುಗೆಮನೆಯ ಕಡೆಗೆ ನಾಲ್ವರ ಊಟದ ಮೇಜು ಇವೆ. ಮಗಳು ಈಗ ಅಂಬೆಗಾಲಿಡುತ್ತಿದ್ದಾಳೆ. ಗಟ್ಟಿ ನೆಲದ ಮೇಲೆ ಮುಗ್ಗರಿಸಿದರೆ ಪೆಟ್ಟಾದೀತೆಂಬ ಚಿಂತೆಯಿಂದಲೇ ಈ ಯೋಚನೆ ಹುಟ್ಟಿದ್ದು. ಅತ್ತೆಯವರಿಗೆ ಉಬ್ಬಸವಿರುವುದರಿಂದ, ಹಾಸಿನಲ್ಲಿ ಧೂಳು ಸೇರಿಕೊಂಡು ತಮಗೆ ತೊಂದರೆಯಾದೀತೆಂದು ಅವರು ಹಿಂಜರಿಯುತ್ತಿದ್ದಾರೆ.

ಅಂಗಡಿಗಳಲ್ಲಿ ನೋಡಿದವುಗಳಲ್ಲಿ ಎರಡು ಮನಸ್ಸಿಗೆ ಹಿಡಿಸಿವೆ. ಒಂದು, ಬೆಳಕು ಬಿದ್ದ ಕಡೆಯಿಂದ ಬಣ್ಣ ಬದಲಾಯಿಸುವ ಹೊಳಪಿನ ರಗ್ಗು. ಅದನ್ನು ಆರ್ಟ್ ಸಿಲ್ಕ್ ಎಂದು ಕರೆದರು. ಇನ್ನೊಂದು ದಪ್ಪ ಉಣ್ಣೆಯದು, ಕೈಯಲ್ಲೇ ಮಾಡಿದ್ದೆಂದು ಹೇಳಿದರು. ಆದರೆ ಪಕ್ಕದಲ್ಲಿದ್ದ, ನೋಡಲು ಹೆಚ್ಚುಕಡಿಮೆ ಹಾಗೆಯೇ ಇದ್ದ ಮತ್ತೊಂದು ಕೈಕೆಲಸದ ರಗ್ಗಿನ ಬೆಲೆ ಅದರ ಎರಡು ಪಟ್ಟಿಗಿಂತಲೂ ಹೆಚ್ಚಿತ್ತು. ಈ ವ್ಯತ್ಯಾಸಕ್ಕೆ ಕಾರಣವೇನೆಂದು ಕೇಳಿದಾಗ ಸಮರ್ಪಕವಾದ ಉತ್ತರ ಸಿಗಲಿಲ್ಲ. ಇವೆರಡನ್ನೂ ಬಿಟ್ಟು ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಯನ್ನೇ ತರಿಸೋಣವೆಂದು ನನ್ನ ಯಜಮಾನರು ಹೇಳುತ್ತಾರೆ.

ಮಳೆಗಾಲದಲ್ಲಿ ಬೂಷ್ಟು ಹಿಡಿಯದೆ ಉಳಿಯುವಂಥದ್ದು ಯಾವುದು, ನಮ್ಮ ಹಾಲ್‌ಗೆ ಯಾವ ಅಳತೆ ಸರಿಹೋಗುತ್ತದೆ, ಸಾರು ಚೆಲ್ಲಿ ಅರಿಸಿನದ ಕಲೆಯಾದರೆ ಏನು ಮಾಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕಾಗಿ ವಿನಂತಿ.

ಹಾಸುಹೊಕ್ಕು, ಮಾಟುಂಗಾ

ನಮಸ್ಕಾರ ಅಮ್ಮ. ಪರದೆ, ಹಾಸು, ಹೊದಿಕೆಗಳ ವ್ಯಾಪಾರದಲ್ಲಿ ಬಹುಕಾಲ ಇದ್ದವನಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ರಗ್ಗನ್ನು ಕೊಳ್ಳುವವರು ಅದರ ಮುಖವನ್ನಷ್ಟೇ ನೋಡುತ್ತಾರೆ. ಮುಂಬಯಿಯಂಥ ಊರಿನಲ್ಲಿ ಅದರ ಬೆನ್ನನ್ನು ನೋಡಿ ಕೊಳ್ಳಬೇಕು. ನೀವು ಕೇಳಿದ ಬೆಲೆಯ ವ್ಯತ್ಯಾಸಕ್ಕೂ ಉತ್ತರ ಅಲ್ಲಿಯೇ ಇದೆ.

ಅಂಗಡಿಯವರಿಗೆ ಎರಡೂ ಉಣ್ಣೆಯ ರಗ್ಗುಗಳನ್ನು ಮಗುಚಿಹಾಕಲು ಹೇಳಿ. ಹೆಚ್ಚು ಬೆಲೆಯದರ ಹಿಂಬದಿಯಲ್ಲಿ ಮುಂಬದಿಯ ಚಿತ್ತಾರವೇ ಗಂಟುಗಂಟಾಗಿ, ಬಣ್ಣಬಣ್ಣವಾಗಿ ಸ್ಪಷ್ಟವಾಗಿ ಕಾಣುತ್ತಿದ್ದರೆ ಅದು ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳಿಗೆ, ಒಂದೊಂದೇ ಗಂಟು ಹಾಕಿ ನೇಯ್ದದ್ದು. ಅದರ ತುದಿಯಲ್ಲಿರುವ ಕುಚ್ಚು ಹಾಸಿನ ನೂಲಿನ ಮುಂದುವರಿಕೆಯೇ ಆಗಿರುತ್ತದೆ, ಬೇರೆ ತಂದು ಹೊಲಿದದ್ದಲ್ಲ. ಕಡಿಮೆ ಬೆಲೆಯದರ ಹಿಂಬದಿಗೆ ಬಿಳಿಯ ಅಥವಾ ಮಾಸಲು ಬಣ್ಣದ ಬಟ್ಟೆ ಹಚ್ಚಿದ್ದು, ಗಂಟುಗಳು ಎಲ್ಲಿಯೂ ಕಾಣದಿದ್ದರೆ ಅದು ಟಫ್ಟೆಡ್ ರಗ್ಗು. ಚೌಕಟ್ಟಿಗೆ ಬಿಗಿದ ಬಟ್ಟೆಯೊಳಕ್ಕೆ ಗನ್ನಿನಂಥ ಉಪಕರಣದಿಂದ ಉಣ್ಣೆಯ ಎಳೆಗಳನ್ನು ಚುಚ್ಚುತ್ತ ಹೋಗಿ, ಅವು ಕಳಚಿ ಬಾರದಂತೆ ಹಿಂದೆ ಲ್ಯಾಟೆಕ್ಸ್ ಅಂಟು ಬಳಿದು, ಅಂಟನ್ನು ಮರೆಮಾಡಲು ಬಟ್ಟೆ ಹಚ್ಚುತ್ತಾರೆ. ಆ ಉಪಕರಣವನ್ನು ಹಿಡಿಯುವುದು ಮನುಷ್ಯನ ಕೈಯೇ ಆದ್ದರಿಂದ 'ಕೈಯಲ್ಲಿ ಮಾಡಿದ್ದು' ಎಂಬ ಮಾತು ಸುಳ್ಳಲ್ಲ. ಎಳೆಗಳನ್ನು ಹಿಡಿದಿರುವುದು ಗಂಟಲ್ಲ, ಅಂಟು ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

ಈ ಅಂಟೇ ನಮ್ಮ ಹವೆಯಲ್ಲಿ ತೊಂದರೆ ಕೊಡುವುದು. ಸೆಕೆ ಮತ್ತು ತೇವದಲ್ಲಿ ಲ್ಯಾಟೆಕ್ಸ್ ವರ್ಷಗಳು ಕಳೆದಂತೆ ಬಿರುಸಾಗಿ ಪುಡಿಯಾಗುತ್ತದೆ. ರಗ್ಗನ್ನು ಎತ್ತಿದಾಗ ಟೈಲ್ಸ್ ಮೇಲೆ ಹಿಟ್ಟು ಉದುರಿದಂತೆ ಕಾಣುವುದು ಅದೇ. ರಬ್ಬರಿನ ಕಮಟು ವಾಸನೆ ಬರತೊಡಗಿದರೆ ತೊಳೆದರೂ ಅದು ಹೋಗುವುದಿಲ್ಲ. ಉಣ್ಣೆ, ಬಟ್ಟೆ, ಅಂಟು, ಮತ್ತೆ ಬಟ್ಟೆ ಎಂದು ಪದರಗಳಿರುವುದರಿಂದ ಒಮ್ಮೆ ಒಳಗೆ ನೀರಿಳಿದರೆ ಬೇಗನೆ ಒಣಗುವುದೂ ಇಲ್ಲ. ಏರ್ ಕಂಡೀಷನರ್ ಹಾಕುವ ಮಲಗುವ ಕೋಣೆಗೆ, ಬೆಲೆ ಹಿಡಿಸಿದರೆ, ಅದನ್ನು ಕೊಳ್ಳಬಹುದು. ಅಂಬೆಗಾಲಿನ ಮಗುವಿರುವ ಹಾಲ್‌ಗೆ ನಾನು ಶಿಫಾರಸು ಮಾಡಲಾರೆ.

ಆರ್ಟ್ ಸಿಲ್ಕ್ ಎಂಬುದು ರೇಷ್ಮೆಯಲ್ಲ. ಆ ಹೆಸರಿನಲ್ಲಿ ಮಾರುವ ಹೊಳಪಿನ ರಗ್ಗು ಹೆಚ್ಚಾಗಿ ವಿಸ್ಕೋಸ್ ಆಗಿರುತ್ತದೆ, ಅಂದರೆ ಮರದ ತಿರುಳಿನಿಂದ ತೆಗೆದ ನೂಲು. ಒದ್ದೆಯಾದಾಗ ಆ ನೂಲಿನ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬರಿಯ ನೀರು ಚೆಲ್ಲಿ ಒಣಗಿದರೂ ಅಲ್ಲಿ ಎಳೆಗಳು ಮುದುರಿ, ಸುತ್ತ ಹಳದಿ ಅಂಚು ಉಳಿಯುವುದುಂಟು. ರಗ್ಗು ತೊಳೆಯುವವರೇ ವಿಸ್ಕೋಸ್ ಎಂದರೆ ಹಿಂದೇಟು ಹಾಕುತ್ತಾರೆ. ನಿಮ್ಮ ಮನೆಗೆ ಅದು ಖಂಡಿತ ಬೇಡ.

ನೂಲು ಯಾವುದೆಂಬ ಸಂಶಯವಿದ್ದರೆ ಅಂಚಿನಿಂದ ಒಂದೆರಡು ಎಳೆ ಕೇಳಿ ಪಡೆದು, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಮತ್ತು ವಿಸ್ಕೋಸ್ ಎರಡೂ ಕಾಗದದಂತೆ ಉರಿಯುವುದರಿಂದ ಅವುಗಳ ನಡುವಿನ ಭೇದ ಈ ಪರೀಕ್ಷೆಯಲ್ಲಿ ತಿಳಿಯುವುದಿಲ್ಲ. ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್‌ಗಳು ಕರಗಿ ಗಟ್ಟಿ ಮಣಿಯಾಗುತ್ತವೆ.

ಗಂಟಿನ ಉಣ್ಣೆ ರಗ್ಗು ಒಳ್ಳೆಯ ವಸ್ತು. ಉತ್ತರ ಪ್ರದೇಶದ ಭದೋಹಿ, ಮಿರ್ಜಾಪುರಗಳ ಸುತ್ತ ನೇಯುವ ರಗ್ಗುಗಳು ಮುಂಬಯಿಗೂ ಬರುತ್ತವೆ. ಭದೋಹಿಯ ಕೈನೇಯ್ಗೆಗೆ ಭೌಗೋಳಿಕ ಸೂಚಿಯೂ (ಜಿ.ಐ., ಅಂದರೆ ಆ ಹೆಸರು ಆ ಊರಿನ ವಸ್ತುವಿಗೇ ಸಲ್ಲುತ್ತದೆಂಬ ಮಾನ್ಯತೆ) ದೊರೆತಿದೆ. ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಇದು ಗುಣವೂ ಹೌದು, ಜುಲೈ ತಿಂಗಳಲ್ಲಿ ಮೋಸವೂ ಹೌದು. ಅಂಗಡಿಯಲ್ಲಿ ಒಂದು ಚದರ ಇಂಚಿಗೆ ಇಷ್ಟು ಗಂಟು ಎಂದು ಲೆಕ್ಕ ಹೇಳುತ್ತಾರೆ. ಗಂಟು ಹೆಚ್ಚಿದ್ದಷ್ಟೂ ಚಿತ್ತಾರ ನಯವಾಗುತ್ತದೆ ಎಂಬುದು ನಿಜ. ಆದರೆ ಬಾಳಿಕೆಯನ್ನು ಉಣ್ಣೆಯ ಗುಣಮಟ್ಟವೂ ನಿರ್ಧರಿಸುತ್ತದೆ. ಕೊಳ್ಳುವುದಾದರೆ ಗುಡ್‌ವೀವ್ ಗುರುತಿದೆಯೇ ಎಂದು ಕೇಳಿ. ಬಾಲಕಾರ್ಮಿಕರನ್ನು ದುಡಿಸದೆ ನೇಯಿಸಿದ್ದೆಂದು ದೃಢಪಡಿಸುವ ಈ ವ್ಯವಸ್ಥೆ 1994ರಲ್ಲಿ ರಗ್‌ಮಾರ್ಕ್ ಎಂಬ ಹೆಸರಿನಲ್ಲಿ ಆರಂಭವಾಯಿತು. ಮಕ್ಕಳ ಹಕ್ಕುಗಳ ಹೋರಾಟಗಾರರಾದ ಕೈಲಾಶ್ ಸತ್ಯಾರ್ಥಿಯವರು ಅದರ ಹಿಂದಿದ್ದವರು.

ಖರ್ಚು ಕಡಿಮೆಯಾಗಬೇಕು, ಬಚ್ಚಲಲ್ಲೇ ತೊಳೆಯುವಂತಿರಬೇಕು ಎನ್ನುವುದಾದರೆ ಯಂತ್ರದಲ್ಲಿ ನೇಯ್ದ ತೆಳು ಪಾಲಿಪ್ರೊಪಿಲೀನ್ ರಗ್ಗನ್ನು ಕೀಳಾಗಿ ಕಾಣಬೇಕಾಗಿಲ್ಲ. ಅದರ ನೂಲು ನೀರನ್ನು ಹೀರುವುದೇ ಇಲ್ಲ. ಬಣ್ಣವನ್ನು ನೂಲು ತೆಗೆಯುವ ಮೊದಲೇ ಕರಗಿದ ಪ್ಲಾಸ್ಟಿಕ್ಕಿನಲ್ಲಿ ಬೆರೆಸುವುದರಿಂದ ಸುಲಭವಾಗಿ ಮಾಸುವುದಿಲ್ಲ. ಎಣ್ಣೆ ಜಿಡ್ಡು ಮಾತ್ರ ಹಿಡಿಯುತ್ತದೆ, ಸೋಫಾದ ಕಾಲಿನಡಿ ಚಪ್ಪಟೆಯಾದ ಎಳೆಗಳು ಮತ್ತೆ ಏಳುವುದಿಲ್ಲ.

ಅಳತೆಯ ವಿಷಯ. ನಿಮ್ಮ ಹಾಲ್‌ನ 10 ಅಡಿ ಅಗಲದಲ್ಲಿ ಸೋಫಾಕ್ಕೆ ಸುಮಾರು 3 ಅಡಿ, ಟಿ.ವಿ. ಕಪಾಟಿಗೆ ಒಂದೂವರೆ ಅಡಿ ಹೋದರೆ ನಡುವೆ ಐದೂವರೆ ಅಡಿ ಉಳಿಯುತ್ತದೆ. 5 ಅಡಿ ಅಗಲ, 8 ಅಡಿ ಉದ್ದದ ರಗ್ಗನ್ನು ಸೋಫಾದ ಮುಂಗಾಲುಗಳು ಅರ್ಧ ಅಡಿಯಷ್ಟು ಅದರ ಮೇಲೆ ನಿಲ್ಲುವಂತೆ ಹಾಸಿದರೆ ಟಿ.ವಿ. ಮುಂದೆ ಓಡಾಡಲು ಒಂದಡಿ ನೆಲ ಬರಿದಾಗಿ ಉಳಿಯುತ್ತದೆ, ಹಾಸೂ ಜಾರುವುದಿಲ್ಲ. 3 ಅಡಿ, 5 ಅಡಿಯ ಚಿಕ್ಕದನ್ನು ನಡುವೆ ಹಾಕಿದರೆ ಹಾಲ್ ಇನ್ನೂ ಇಕ್ಕಟ್ಟಾಗಿ ಕಾಣುತ್ತದೆ. ಕೊಳ್ಳುವ ಮುನ್ನ ಹಳೆಯ ಚಾದರವನ್ನು ಆ ಅಳತೆಗೆ ಮಡಚಿ ನೆಲಕ್ಕೆ ಹಾಸಿ ಎರಡು ದಿನ ಓಡಾಡಿ ನೋಡಿ. ಬಾಗಿಲು ತೆರೆದಾಗ ತಾಗುತ್ತದೆಯೇ ಎಂಬುದೂ ಆಗಲೇ ತಿಳಿಯುತ್ತದೆ. ಊಟದ ಮೇಜಿನ ಕೆಳಗೆ ಹಾಸಬೇಡಿ. ಅಲ್ಲಿ ಕುರ್ಚಿಯನ್ನು ಹಿಂದಕ್ಕೆಳೆದಾಗಲೂ ಅದರ ಕಾಲು ಹಾಸಿನ ಮೇಲೆಯೇ ಇರಬೇಕಾದರೆ ಮೇಜಿನ ನಾಲ್ಕೂ ಕಡೆ ಎರಡೆರಡು ಅಡಿ ಹೆಚ್ಚು ಬೇಕು; ನಿಮ್ಮಲ್ಲಿ ಅಷ್ಟು ಜಾಗವಿಲ್ಲ.

ಧಾರವಾಡದಿಂದ ಬೊರಿವಲಿಗೆ

ಅಕ್ಕನವರಿಗೆ ನಮಸ್ಕಾರ. ನಿಮ್ಮ ಯಜಮಾನರ ಮಾತಿಗೆ ನನ್ನದೂ ಒಂದು ಮತವಿರಲಿ. ನವಲಗುಂದದ ಜಮಖಾನೆಯಲ್ಲಿ ಉಣ್ಣೆಯೂ ಇಲ್ಲ, ಅಂಟೂ ಇಲ್ಲ; ಉದ್ದದ ಹಾಸೂ ಅಡ್ಡದ ಹೊಕ್ಕೂ ಎರಡೂ ಹತ್ತಿಯ ನೂಲೇ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಹೊಕ್ಕಿನ ನೂಲನ್ನು ಪಂಜವೆಂಬ ಬಾಚಣಿಗೆಯಂಥ ಉಪಕರಣದಿಂದ ಬಡಿದು ಬಿಗಿ ಮಾಡುತ್ತ ಮನೆಯ ಹೆಣ್ಣುಮಕ್ಕಳೇ ಇದನ್ನು ನೇಯುತ್ತಾರೆ. ಪಗಡೆಯ ಹಾಸು, ನವಿಲು, ಮೂಲೆಮೂಲೆಯ ಗೆರೆಗಳು ಅದರ ಗುರುತು. ಇದಕ್ಕೂ ಭೌಗೋಳಿಕ ಸೂಚಿ ದೊರೆತಿದೆ. ಆದರೆ ನೇಯುವ ಕೈಗಳು ಬಹಳ ಕಡಿಮೆಯಾಗಿರುವುದರಿಂದ ಬೇಕಾದ ಅಳತೆಯದು ಬೇಕೆಂದಾಗ ಸಿಗುವುದಿಲ್ಲ, ಮೊದಲೇ ಹೇಳಿ ಕಾಯಬೇಕಾಗುತ್ತದೆ.

ಇದೇ ಚಿತ್ತಾರವನ್ನು ಪಾಲಿಯೆಸ್ಟರ್ ಬಟ್ಟೆಯ ಮೇಲೆ ಅಚ್ಚು ಹಾಕಿ ಜಮಖಾನೆ ಎಂದು ಮಾರುವವರಿದ್ದಾರೆ. ಹಾಸುಹೊಕ್ಕು ಅವರು ಹೇಳಿದಂತೆ ಮಗುಚಿ ನೋಡಿದರೆ ಸಾಕು: ಅಚ್ಚಿನದು ಹಿಂದೆ ಮಂಕಾಗಿರುತ್ತದೆ, ನೇಯ್ದದ್ದು ಎರಡೂ ಕಡೆ ಒಂದೇ ತೆರನಾಗಿರುತ್ತದೆ. ಎರಡೂ ಕಡೆ ಹಾಸಬಹುದಾದ್ದರಿಂದ ಸವೆತವೂ ಹಂಚಿಹೋಗುತ್ತದೆ. ಕೆಂಪು ಮತ್ತು ಕಪ್ಪು ಬಣ್ಣಗಳು ಬಿಡುತ್ತವೆಯೇ ಎಂದು ತಿಳಿಯಲು ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಮೂಲೆಯಲ್ಲಿ ಒತ್ತಿ ನೋಡಿ. ಬಣ್ಣ ಹತ್ತಿದರೆ ಮನೆಯಲ್ಲಿ ನೆನೆಹಾಕಲೇಬೇಡಿ. ಉಪ್ಪು ನೀರಿನಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆಂಬುದನ್ನು ನಂಬಬೇಡಿ.

ಒಂದು ಕೊರತೆಯನ್ನೂ ಹೇಳಿಬಿಡಬೇಕು. ಜಮಖಾನೆ ತೆಳುವಾಗಿರುವುದರಿಂದ ಮಗು ಬಿದ್ದರೆ ಮೆತ್ತಗಿನ ಆಸರೆ ಸಿಗುವುದಿಲ್ಲ; ಅಡಿಗೆ ಏನಾದರೂ ಬೇಕು. ಮಳೆಗಾಲ ಬಂದೊಡನೆ ಸುತ್ತಿ ಮಂಚದಡಿ ಇಟ್ಟು ದಸರೆಗೆ ತೆಗೆದರೆ ಯಾವ ರಗಳೆಯೂ ಇರುವುದಿಲ್ಲ.

ಮಡಗಾಂವ್‌ನಿಂದ

ಮುಲುಂಡ್‌ನ ತಂಗಿಗೆ. ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಮಂಚದಡಿ ಇಡುವ ಸಲಹೆಯನ್ನು ಮಾತ್ರ ಒಪ್ಪಲಾರೆ. ಗೋವೆಯಲ್ಲಾಗಲಿ ಮುಂಬಯಿಯಲ್ಲಾಗಲಿ ಜೂನ್ ಮಧ್ಯದ ಹೊತ್ತಿಗೆ ಗಾಳಿಯೇ ಒದ್ದೆಯಾಗಿರುತ್ತದೆ. ಆಗ ಸುತ್ತಿಟ್ಟ ಹಾಸಿನೊಳಗೆ ಆ ತೇವವೂ ಸುತ್ತಿಕೊಂಡಿರುತ್ತದೆ. ಬೂಷ್ಟಿಗೆ ಬೇಕಾಗುವುದು ತೇವ ಮತ್ತು ಅಲುಗಾಡದ ಗಾಳಿ, ಮಂಚದಡಿ ಎರಡೂ ಸಿಗುತ್ತವೆ. ಉಣ್ಣೆಯದಾದರೆ ನುಸಿಯೂ ಸೇರಿಕೊಳ್ಳುತ್ತದೆ: ಉಣ್ಣೆ ತಿನ್ನುವುದು ಪತಂಗವಲ್ಲ, ಅದರ ಮರಿಹುಳು, ಅದು ಯಾರೂ ಮುಟ್ಟದ ಕತ್ತಲ ಜಾಗವನ್ನೇ ಹುಡುಕುತ್ತದೆ. ಹಾಲ್‌ನಲ್ಲಿ ಹಾಸಿಯೇ ಇಟ್ಟು, ಮೇಲೆ ಫ್ಯಾನ್ ತಿರುಗುತ್ತಿರಲಿ. ವಾರಕ್ಕೊಮ್ಮೆ ಅರ್ಧ ಮಗುಚಿ, ಅಡಿಯ ಟೈಲ್ಸನ್ನು ಒಣ ಬಟ್ಟೆಯಿಂದ ಒರೆಸಿ, ಗಂಟೆಯ ಹೊತ್ತು ಹಾಗೆಯೇ ಬಿಡಿ, ಮತ್ತೆ ಇನ್ನರ್ಧ. ನೆಲ ಒರೆಸುವ ಹೆಂಗಸಿಗೆ ಒದ್ದೆ ನೆಲದ ಮೇಲೆ ಹಾಸನ್ನು ಎಳೆಯಬಾರದೆಂದು ಖಚಿತವಾಗಿ ಹೇಳಿಡಬೇಕು, ಬೂಷ್ಟು ಹಿಡಿಯುವುದಕ್ಕೆ ಮಳೆಗಿಂತ ಈ ಒದ್ದೆ ನೆಲವೇ ಹೆಚ್ಚಿನ ಕಾರಣ. ಏರ್ ಕಂಡೀಷನರ್ ಇದ್ದರೆ ಡ್ರೈ ಎಂಬ ಗುಂಡಿಯೊತ್ತಿ ದಿನಕ್ಕೆ ಸ್ವಲ್ಪ ಹೊತ್ತು ಓಡಿಸಿ. ಊರಿಗೆ ಹೋಗುವುದರಿಂದ ಸುತ್ತಿಡಲೇಬೇಕಾದರೆ ಬಿಸಿಲಿರುವ ಮೇ ತಿಂಗಳಲ್ಲೇ ಪೂರ್ತಿ ಒಣಗಿಸಿ, ಮಡಚದೆ ಸುತ್ತಿ, ಹಳೆಯ ಹತ್ತಿ ಸೀರೆಯಲ್ಲಿ ಕಟ್ಟಿ, ಕಪಾಟಿನ ಮೇಲೆ ಇಡಿ. ಪ್ಲಾಸ್ಟಿಕ್ ಬೇಡ. ನ್ಯಾಫ್ತಲಿನ್ ನುಸಿಗುಳಿಗೆಯನ್ನು ಮಗುವಿರುವ ಮನೆಯಲ್ಲಿ ಬಳಸಬಾರದು. ಅದರ ಆವಿ ಕೆಲವು ಶಿಶುಗಳ ರಕ್ತಕಣಗಳನ್ನೇ ಒಡೆಯಬಲ್ಲದು.

ಅರಿಸಿನದ ಕಲೆಗೆ ನೀವು ಹೊಸದಾಗಿ ಕಲಿಯಬೇಕಾದದ್ದೇನೂ ಇಲ್ಲ, ಆರತಿಯ ತಟ್ಟೆಯನ್ನು ನೆನೆಸಿಕೊಂಡರೆ ಸಾಕು. ಅರಿಸಿನದ ನೀರಿಗೆ ಸುಣ್ಣ ಹಾಕಿದರೆ ಓಕುಳಿ ಕೆಂಪಾಗುವುದಿಲ್ಲವೇ? ಸೋಪಿನ ಪುಡಿ, ಅಡುಗೆ ಸೋಡಾಗಳಲ್ಲಿಯೂ ಕ್ಷಾರವೇ ಇರುವುದರಿಂದ ಅವನ್ನು ಕಲೆಯ ಮೇಲೆ ಸುರಿದೊಡನೆ ಹಳದಿ ಹೋಗಿ ಕೆಂಪು ಏಳುತ್ತದೆ, ಮನೆಯವರು ಗಾಬರಿಯಾಗಿ ಇನ್ನಷ್ಟು ಉಜ್ಜುತ್ತಾರೆ. ಉಜ್ಜಲೇಬಾರದು. ಚೆಲ್ಲಿದ ಸಾರನ್ನು ಮೊದಲು ಚಮಚದಿಂದ ಹೊರಗಿನಿಂದ ಒಳಮುಖವಾಗಿ ಬಳಿದು ತೆಗೆಯಿರಿ. ಆಮೇಲೆ ಬಿಳಿಯ ಹತ್ತಿ ಬಟ್ಟೆಯಿಂದ ಒತ್ತಿ, ಬಟ್ಟೆಯ ಜಾಗ ಬದಲಾಯಿಸಿ, ಮತ್ತೆ ಒತ್ತಿ. ತಣ್ಣೀರಿಗೆ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಬೆರೆಸಿ ಅದರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಜಿಡ್ಡನ್ನು ತೆಗೆಯಬಹುದು. ಅಷ್ಟರಲ್ಲೇ ಕೆಂಪಾಗಿದ್ದರೆ ನೀರು ಬೆರೆಸಿದ ವಿನೆಗರ್ ತಾಗಿಸಿದಾಗ ಮತ್ತೆ ಹಳದಿಗೆ ತಿರುಗುತ್ತದೆ. ಉಳಿದ ಹಳದಿಯನ್ನು ಬಿಸಿಲಿಗೆ ಬಿಡಿ. ಅರಿಸಿನದ ಬಣ್ಣ ಬಿಸಿಲನ್ನು ತಾಳುವುದಿಲ್ಲ. ಹತ್ತಿಯ ಜಮಖಾನೆಯನ್ನು ಬಾಲ್ಕನಿಯ ಸರಳಿನ ಮೇಲೆ ಕೆಲವು ದಿನ ಹಾಕಿದರೆ ಕಲೆ ಮಂಕಾಗುತ್ತದೆ. ಉಣ್ಣೆಯಾದರೆ ಎನ್‌ಜೈಮ್ ಇರುವ ಬಟ್ಟೆ ಸೋಪನ್ನು ತಾಗಿಸಬೇಡಿ. ಅದು ಕಲೆಯಲ್ಲಿರುವ ಪ್ರೋಟೀನನ್ನು ಒಡೆಯಲೆಂದು ಹಾಕುವ ವಸ್ತು, ಉಣ್ಣೆಯೂ ಪ್ರೋಟೀನೇ.

ಅತ್ತೆಯವರ ಉಬ್ಬಸದ ಬಗ್ಗೆ ಯಾರೂ ಉತ್ತರಿಸಲಿಲ್ಲ. ಹಾಸಿನಲ್ಲಿ ಬೆಳೆಯುವ, ಕಣ್ಣಿಗೆ ಕಾಣದ ಧೂಳಿನ ಹುಳಗಳು ಹಲವರಿಗೆ ಉಬ್ಬಸವನ್ನು ಕೆರಳಿಸುತ್ತವೆ. ತೇವ ಹೆಚ್ಚಿದಂತೆ ಅವೂ ಹೆಚ್ಚುತ್ತವೆ. ಹಾಸಿನ ಮೇಲೆ ಎದ್ದು ನಿಂತ ಎಳೆ ಉದ್ದವಾದಷ್ಟೂ ಅವುಗಳಿಗೆ ಆಸರೆ. ಅವರ ಮಲಗುವ ಕೋಣೆಯಲ್ಲಿ ಯಾವ ರಗ್ಗೂ ಬೇಡ. ಹಾಲ್‌ನಲ್ಲಿ ಹಾಗೆ ಎಳೆ ಎದ್ದು ನಿಲ್ಲದ ತೆಳು ನೇಯ್ಗೆಯದೇ ಇರಲಿ. ಅದನ್ನು ಕೊಡವುವಾಗ ಅಥವಾ ವ್ಯಾಕ್ಯೂಮ್ ಮಾಡುವಾಗ ಅವರು ಬೇರೆ ಕೋಣೆಯಲ್ಲಿದ್ದು, ಸ್ವಲ್ಪ ಹೊತ್ತಿನ ನಂತರ ಬರಲಿ. ಧೂಳಿನ ಹುಳದಿಂದಲೇ ಅವರಿಗೆ ಅಲರ್ಜಿಯೆಂದು ವೈದ್ಯರು ಪರೀಕ್ಷಿಸಿ ಹೇಳಿದ್ದರೆ, ನನ್ನ ಅಭಿಪ್ರಾಯದಲ್ಲಿ ಹಾಲ್‌ಗೂ ಹಾಸು ಬೇಡ. ಮಗುವಿಗೆ ಒರೆಸಿ ತೆಗೆಯುವ ಫೋಮ್ ಚಾಪೆಯೇ ಸಾಕು.

ಮುಲುಂಡ್ ಮನೆಯಾಕೆ

ಮೂವರಿಗೂ ಕೃತಜ್ಞತೆಗಳು. ಅತ್ತೆಯವರಿಗೆ ಇರುವುದು ಚಳಿಗಾಲದಲ್ಲಿ ಕಾಣಿಸಿಕೊಳ್ಳುವ ಉಬ್ಬಸ, ಧೂಳಿನ ಹುಳದ ಅಲರ್ಜಿ ಇಲ್ಲವೆಂದು ಪರೀಕ್ಷೆಯಲ್ಲಿ ತಿಳಿದಿದೆ. ಆದ್ದರಿಂದ 5 ಅಡಿ, 8 ಅಡಿಯ ಹತ್ತಿ ಜಮಖಾನೆಯನ್ನೇ ನವಲಗುಂದಕ್ಕೆ ಹೇಳಿ ನೇಯಿಸುವುದೆಂದು ನಿಶ್ಚಯಿಸಿದ್ದೇವೆ. ಮಗುವಿಗೆ ಮೆತ್ತಗಾಗಲೆಂದೂ ಜಾರದಿರಲೆಂದೂ ಅಡಿಗೆ ಏನು ಹಾಕಬೇಕು? ಸೆಣಬಿನ ಚಾಪೆಯನ್ನು ಹಾಕಬಹುದೇ? ಅಂಗಡಿಗಳಲ್ಲಿ ಸಿಗುವ ಪ್ಲಾಸ್ಟಿಕ್ ಜಾಲರಿ ಟೈಲ್ಸ್‌ಗೆ ಅಂಟಿಕೊಳ್ಳುತ್ತದೆಂದು ಕೇಳಿದ್ದೇನೆ.

ಹಾಸುಹೊಕ್ಕು, ಮಾಟುಂಗಾ

ಸೆಣಬು ಬೇಡ. ಅದು ತೇವವನ್ನು ಬೇಗ ಹೀರುತ್ತದೆ. ಒದ್ದೆಯಾಗಿ ಒಣಗಿದಲ್ಲೆಲ್ಲ ಕಂದು ಕಲೆ ಏಳುತ್ತದೆ, ಆ ಕಂದು ಮೇಲಿನ ಹತ್ತಿಗೂ ಹತ್ತಬಹುದು. ನೀವು ಕೇಳಿದ್ದೂ ನಿಜವೇ: ಅಗ್ಗದ ಪಿ.ವಿ.ಸಿ. ಜಾಲರಿ ಸೆಕೆಗೆ ಮೆತ್ತಗಾಗಿ ನೆಲಕ್ಕೆ ಅಂಟುತ್ತದೆ, ಹಳದಿ ಗುರುತನ್ನೂ ಬಿಡುತ್ತದೆ. ಒಂದು ಬದಿಗೆ ಫೆಲ್ಟ್ (ನಾರನ್ನು ಒತ್ತಿ ಮಾಡಿದ ದಪ್ಪ ಬಟ್ಟೆ), ಇನ್ನೊಂದು ಬದಿಗೆ ನೈಸರ್ಗಿಕ ರಬ್ಬರ್ ಇರುವ ಪ್ಯಾಡ್ ಕೇಳಿ; ರಬ್ಬರ್ ನೆಲದ ಕಡೆಗೂ ಫೆಲ್ಟ್ ಜಮಖಾನೆಯ ಕಡೆಗೂ ಬರಬೇಕು. ಕಾಲು ಇಂಚಿನಷ್ಟು ದಪ್ಪವಿದ್ದರೆ ಮಗು ಕೂತು ಎದ್ದು ಮಾಡುವುದಕ್ಕೆ ಸಾಕು, ಅದಕ್ಕಿಂತ ದಪ್ಪವಾದರೆ ತೆಳು ಹಾಸು ಸುಕ್ಕುಗಟ್ಟಿ ಅತ್ತೆಯವರ ಕಾಲಿಗೆ ತೊಡರೀತು. ನಾಲ್ಕೂ ಕಡೆ ಒಂದೊಂದು ಇಂಚು ಕಡಿಮೆ ಕತ್ತರಿಸಿ, ಆಗ ಅಂಚು ನೆಲಕ್ಕೆ ಸರಿಯಾಗಿ ಒರಗುತ್ತದೆ. ಮಡಗಾಂವ್‌ನ ಅಕ್ಕನವರು ಹೇಳಿದ ವಾರದ ಮಗುಚುವಿಕೆಯಲ್ಲಿ ಪ್ಯಾಡನ್ನೂ ಎತ್ತಬೇಕು, ಏಕೆಂದರೆ ಫೆಲ್ಟ್ ಒಣಗುವುದು ಹತ್ತಿಗಿಂತ ನಿಧಾನ.

ನೇಯಲು ಹೇಳುವಾಗ 8 ಅಡಿ ಎಂಬುದು ಕುಚ್ಚನ್ನು ಸೇರಿಸಿಯೋ ಬಿಟ್ಟೋ ಎಂಬುದನ್ನು ಸ್ಪಷ್ಟವಾಗಿ ಹೇಳಿಡಿ, ಮತ್ತು ಹತ್ತಿ ಮೊದಲ ತೊಳೆತದಲ್ಲಿ ಸ್ವಲ್ಪ ಕುಗ್ಗುವುದರಿಂದ ಪ್ಯಾಡನ್ನು ಆ ತೊಳೆತವಾದ ಮೇಲೆಯೇ ಕತ್ತರಿಸಿ.